ಒದ್ದೆ ಹತ್ತಿ

ಮನೆಯಿಂದ,
ಸೋಮವಾರ, ಊಟದ ನಂತರ

ಪ್ರೀತಿಯ ತಮ್ಮಾ,

ಬರೆಯುತ್ತಿರುವವಳು ನಿನ್ನ ಅಕ್ಕ. ಅಪ್ಪ ಹೋದ ಮೇಲೆ ಈ ಮನೆಗೂ ಕೆಳಗಿನ ಹಾಸಿಗೆ ಅಂಗಡಿಗೂ ಯಜಮಾನಿ, ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮರೆತಿದ್ದರೆ ಇರಲಿ ಎಂದು ಮೊದಲೇ ಹೇಳಿದ್ದೇನೆ. ಆರೋಗ್ಯವಾಗಿದ್ದೀಯಾ? ಬೆನ್ನುನೋವು ಹೇಗಿದೆ? ಹಾಸಿಗೆ ಅಂಗಡಿಯವರ ಮಗ ಬರಿ ಚಾಪೆಯ ಮೇಲೆ ಮಲಗುತ್ತಾನಂತೆ ಎಂದು ಯಾರೋ ಹೇಳಿದರು. ನಾನು ನಾಲ್ಕು ಜನರ ಮುಂದೆ ತಲೆ ಎತ್ತಿ ಓಡಾಡುವುದು ಬೇಡವೇ? ನನ್ನ ಮಂಡಿ ಹಿಡಿದುಕೊಂಡಿದೆ, ನಾಲಿಗೆ ಚೆನ್ನಾಗಿದೆ.

ಇನ್ನು ಸಮಾಚಾರ. ಅಂಗಡಿಯ ಮೇಲೆಯೇ ಇರುವ, ನೀನು ಬೀಗ ಹಾಕಿ ಹೋದ ನಿನ್ನ ಮನೆಯ ಬಚ್ಚಲಿನ ಪೈಪು ಗೋಡೆಯೊಳಗೇ ಒಡೆದು ಕೆಳಗೆ ಸೋರತೊಡಗಿತು. ಫೋನು ಮಾಡಿಸಿದೆ, ನೀನು ಎತ್ತಲಿಲ್ಲ. ಮೊದಲು ಅಂಗಡಿಯ ಚಾವಣಿಯಲ್ಲಿ ಅಂಗೈಯಗಲದ ಕಲೆ, ಆಮೇಲೆ ತೊಟ್ಟಿಕ್ಕುವ ನೀರು. ಪ್ಲಂಬರ್ ಬಂದು, "ಮೇಲ್ಗಡೆ ಬೀಗ ತೆಗೀರಿ ಅಮ್ಮ, ವಾಲ್ವ್ ತಿರುಗಿಸಿದ್ರೆ ಆಯ್ತು, ಸಣ್ಣ ಕೆಲಸ" ಎಂದ. ನಾನು ಒಪ್ಪಲಿಲ್ಲ. ಸ್ಪಂಜಿನ ಹಾಸಿಗೆ ಮಾರಲು ನಾನು ಬಿಡಲಿಲ್ಲವೆಂದು ನೀನು ಮನೆ ಬಿಟ್ಟು ಹೊರಟ ದಿನ, ಮೆಟ್ಟಿಲ ಮೇಲೆ ನಿಂತು, "ನಾನು ಕರೆಯೋವರೆಗೂ ನನ್ನ ಬಾಗಿಲು ಮುಟ್ಟಬೇಡ" ಎಂದವನು ನೀನು. ಕರೆಯದ ಮನೆಗೆ ಕಾಲಿಡುವವಳಲ್ಲ ನಾನು. ಬಕೆಟ್ ಇಟ್ಟೆ.

ಬಕೆಟ್ಟಿಗೆ ಬಿದ್ದದ್ದು ಕಣ್ಣಿಗೆ ಕಂಡ ನೀರು. ಕಾಣದ ನೀರು ಗೋಡೆಯೊಳಗೆ ಇಳಿದು ಹತ್ತಿಯ ಮೂಟೆಗಳಿಗೆ ಸೇರಿಕೊಂಡಿತು. ಬಿಸಿಲಿಗಿಟ್ಟ ಮೂಟೆಗಳು ಮೇಲೆ ಒಣಗಿದ್ದವು. ನಾನೇ ಕೈಯಾಡಿಸಿ ನೋಡಿ, ಹಾಸಿಗೆಗೆ ತುಂಬಿ ಎಂದೆ. ನನ್ನ ಕೈ ಸುಳ್ಳು ಹೇಳಿದ್ದು ಅದೇ ಮೊದಲು. ಹಾಸ್ಟೆಲ್ಲಿಗೆ ಕಳಿಸಿದ ಹಾಸಿಗೆಗಳೆಲ್ಲ ಮುಗ್ಗಲು ವಾಸನೆ ಹೊತ್ತು ವಾಪಸು ಬಂದವು. ಅಲ್ಲಿನ ಮೇಲ್ವಿಚಾರಕಿ ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. "ನಿಮ್ಮ ಅಂಗಡೀದು ಅಂತ ನಾವು ಬಿಚ್ಚಿ ನೋಡ್ಲೇ ಇಲ್ಲ ಅಮ್ಮ" ಎಂದಳಷ್ಟೇ. ಅಪ್ಪ ಒಂದು ಜನ್ಮವೆಲ್ಲ ದುಡಿದು ಗಳಿಸಿದ್ದು ಜನರ ಬಾಯಲ್ಲಿನ ಆ ಒಂದು ಮಾತನ್ನು. ಈಗ ಅವರು ಬಿಚ್ಚಿ ನೋಡುತ್ತಾರೆ. ವಿಮೆಯವನು ಹೊಲಿಗೆ ಯಂತ್ರಗಳ ತುಕ್ಕು ಕೆರೆದು ನೋಡಿ, "ಸೋರೋದು ಗೊತ್ತಿದ್ದೂ ಸುಮ್ನೆ ಇದ್ರಲ್ಲ, ಇದಕ್ಕೆಲ್ಲ ನಾವು ಕೊಡೋಕಾಗಲ್ಲ" ಎಂದು ಚೀಲ ಎತ್ತಿಕೊಂಡು ಹೋದ. ಆ ವಾಸನೆ ನನ್ನ ಸೀರೆಗಳಿಗೂ ಹತ್ತಿದೆ. ಒಗೆದು ಒಗೆದು ಸಾಕಾಯಿತು.

ದಿಂಬು ಹೊಲಿಯುವ ನಮ್ಮ ಗುಂಡುಸೂಜಿ ನೆನಪಿದ್ದಾಳಲ್ಲ, ಕಡ್ಡಿಯ ಹಾಗಿದ್ದಾಳೆಂದು ನೀನೇ ಇಟ್ಟ ಹೆಸರು. ಗೋಡೆಯ ಬೂಷ್ಟಿನ ಗಾಳಿಗೆ ಅವಳಿಗೆ ಉಬ್ಬಸ ಶುರುವಾಗಿದೆ. ಡಾಕ್ಟರು ಆ ಕೋಣೆಗೆ ಹೋಗಲೇಬೇಡ ಎಂದರಂತೆ. ಕೆಲಸ ಬಿಟ್ಟರೆ ತಿನ್ನುವುದೇನು ಎಂದು ಬರುತ್ತಲೇ ಇದ್ದಳು. ಕಳೆದ ವಾರ ಬಾಗಿಲ ಬಳಿ ಕುಸಿದು ಕೂತು, ಏದುಸಿರು ಬಿಡುತ್ತ, "ಅಕ್ಕಾ, ನೀವಿಬ್ರು ಮಾತು ಬಿಟ್ಟಿದ್ದಕ್ಕೆ ನನ್ನ ಉಸಿರು ಯಾಕೆ ಹೋಗ್ಬೇಕು?" ಎಂದಳು. ಈ ಅಂಗಡಿಯಲ್ಲಿ ನನ್ನೆದುರು ಯಾರೂ ಹಾಗೆ ಮಾತಾಡಿದ್ದಿಲ್ಲ. ಅವಳಿಗೆ ಕುಡಿಯಲು ಬಿಸಿನೀರು ಕೊಟ್ಟು, ಬೆನ್ನು ನೀವುತ್ತ ಕೂತೆ.

ದಣಿದಿದ್ದೇನೆ ತಮ್ಮಾ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು: ಅವಳನ್ನು ಮನೆಗೆ ಕಳಿಸಿ, ಅವತ್ತೇ ನಿಂತು ನಿನ್ನ ಬೀಗ ಒಡೆಸಿದೆ. ಸೋರುವುದು ನಿಂತಿದೆ. ನಿನ್ನ ಹಜಾರ ಒಣಗಿದೆ, ಗಾಳಿಯೂ ಆಡುತ್ತದೆ. ಹೊಲಿಗೆ ಯಂತ್ರಗಳನ್ನು ಅಲ್ಲಿಗೇ ಏರಿಸಿ ಗುಂಡುಸೂಜಿಯನ್ನು ಕಿಟಕಿಯ ಪಕ್ಕ ಕೂರಿಸಿದ್ದೇನೆ. ಇನ್ನು ಕೆಲಸವೆಲ್ಲ ಅಲ್ಲೇ. ನಿನ್ನ ಮಲಗುವ ಕೋಣೆಗೆ ಕಾಲಿಟ್ಟಿಲ್ಲ. ಬೈಯುವುದಿದ್ದರೆ ಬಂದು ಬೈ, ಪತ್ರದಲ್ಲಿ ಬೈದರೆ ನಾನು ಓದುವುದಿಲ್ಲ.