ಕಾಯಿಸಿದ್ದು ನಾನು

ಆಗಸ್ಟ್ 7, ಬುಧವಾರ
ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದಾಯಿತು, ಕಾಲರ್ ಬಾಕಿ. ರಾಜಧಾನಿ ಲುಸಾಕಾದ ಆಸ್ಪತ್ರೆಯಿಂದ ಫೋನ್. ನನ್ನ ಜೊತೆ ಬಾಳುವ ಲೊಂಬೆಯ ಹೃದಯದ ಕವಾಟದ ಆಪರೇಷನ್ ಇದೇ ಇಪ್ಪತ್ತಕ್ಕೆ. ಹೊರದೇಶದ ಡಾಕ್ಟರುಗಳು ಬರುತ್ತಾರಂತೆ, ತಪ್ಪಿದರೆ ಮುಂದಿನ ವರ್ಷ. ಲೊಂಬೆ ಕೇಳಿಸಿಕೊಂಡು ಜೋಳದ ಮುದ್ದೆ ನ್ಶಿಮಾ ಉಂಡ.

ಆಗಸ್ಟ್ 8
ಅವನ ಅಣ್ಣ ಮ್ವಾಂಸಾ ಬಂದಿದ್ದ.
"ಆಸ್ಪತ್ರೇಲಿ ತೀರ್ಮಾನ ಮಾಡೋನು ನಾನು. ನೀನು ಅವನಿಗೆ ಏನಾಗ್ಬೇಕು? ಅಡುಗೆ ಮಾಡಿ ಹಾಕೋಳು, ಅಷ್ಟೆ."
ಹತ್ತೊಂಬತ್ತು ವರ್ಷ ಒಂದೇ ಸೂರು. ಪ್ರತಿ ಕ್ರಿಸ್‌ಮಸ್‌ಗೂ ಲೊಂಬೆ ಮದುವೆಯಾಗೋಣ ಎಂದು ಕೇಳುತ್ತಿದ್ದ, ನಾನೇ ಒಲ್ಲೆ ಎನ್ನುತ್ತಿದ್ದೆ. ಮೊದಲ ಗಂಡ ತೀರಿಕೊಂಡಾಗ ಅವನ ಕಡೆಯವರು ಹಾಸಿಗೆ, ಹೊಲಿಗೆ ಯಂತ್ರ, ಮಗಳು ಕಸೊಂಡೆಯ ಹೊದಿಕೆಯನ್ನೂ ಹೊತ್ತೊಯ್ದಿದ್ದರು. ಇನ್ನು ಯಾರ ಹೆಂಡತಿಯೂ ಆಗಬಾರದು ಅಂದುಕೊಂಡಿದ್ದೆ.
ಅಣ್ಣ ಹೋದದ್ದೇ ಕೇಳಿಬಿಟ್ಟೆ — "ನನ್ನ ಮದ್ವೆ ಆಗ್ತೀಯಾ?"
"ಎದೆ ಸೀಳೋ ಹೊತ್ತಿಗೆ ಕೇಳ್ತಿದೀಯಲ್ಲೇ ಮಾರಾಯ್ತಿ!"
ಉಸಿರು ಕಟ್ಟುವವರೆಗೂ ನಕ್ಕ. ಆಮೇಲೆ ನನ್ನ ಕೈ ಬಿಡಲಿಲ್ಲ.

ಆಗಸ್ಟ್ 9, ಬೆಳಿಗ್ಗೆ 11
ಮದುವೆ ಕಚೇರಿ. ಉದ್ದ ಸಾಲು. ರಿಜಿಸ್ಟ್ರಾರ್ ಮುತಾಲೆ ಮೇಡಂ ಕನ್ನಡಕದ ಮೇಲಿಂದ ನೋಡಿದರು.
"ನೋಟಿಸು ಇಪ್ಪತ್ತೊಂದು ದಿನ ಬೋರ್ಡಲ್ಲಿ ಇರ್ಬೇಕು. ಏನಮ್ಮ ಆತುರ? ಬಸುರಿನಾ?"
ಐವತ್ತೆಂಟು ನನಗೆ! ಸಾಲೆಲ್ಲ ಹೋ ಎಂದಿತು. ನಾನೂ ನಕ್ಕೆ, ಹತ್ತೊಂಬತ್ತು ವರ್ಷದ ಕಥೆ ಹೇಳಿದೆ.
"ಅಷ್ಟು ವರ್ಷ ಕಾದೋರಿಗೆ ಇನ್ನು ಮೂರು ವಾರ ಏನ್ ಮಹಾ?"
"ಕಾದಿದ್ದು ಅವ್ನು ಮೇಡಂ. ಕಾಯಿಸಿದ್ದು ನಾನು. ಇನ್ನು ಕಾಯ್ಸೋಕೆ ನನ್ ಕೈಲಾಗಲ್ಲ."
ಆಪರೇಷನ್ ವಿಷಯ ಹೇಳಿದೆ. ನಗು ನಿಂತಿತು. ನೋಟಿಸಿಲ್ಲದೆ ಮದುವೆಯಾಗಲು ವಿಶೇಷ ಪರವಾನಗಿ ಇದೆಯಂತೆ. ಮೇಲಿನವರು ಒಪ್ಪಬೇಕು. ಅರ್ಜಿ ಕೊಟ್ಟೆ...

ಆಗಸ್ಟ್ 14
ಬರೆಯಲು ಮನಸ್ಸಿರಲಿಲ್ಲ. ಕಾಲರ್ ತಿರುಗುಮುರುಗಾಗಿ ಹೊಲಿದು ಬಿಚ್ಚಿದೆ. ಈಗ ಮುತಾಲೆ ಮೇಡಂ ಫೋನ್ — "ಸಿಕ್ತು ಕಣಮ್ಮ! ಶುಕ್ರವಾರ ಬಾ, ಮದುಮಗಳೇ!"
ಬೀದಿಗೆ ಓಡಿ ಕೂಗಿದೆ. ಯಾರಿಗೆ ಅಂತ ಗೊತ್ತಿಲ್ಲ.

ಆಗಸ್ಟ್ 16
ಆಯಿತು. ಆಯಿತು! ಹಸಿರು ಚಿಟೆಂಗೆ ಬಟ್ಟೆಯ ಗೌನು, ನಾನೇ ಹೊಲಿದದ್ದು. ಕಸೊಂಡೆ ಒಂದು ಸಾಕ್ಷಿ, ಪಕ್ಕದ ಮನೆಯಾಕೆ ಇನ್ನೊಂದು. "ಆಕ್ಷೇಪಣೆ ಯಾರದ್ದಾದ್ರೂ ಇದೆಯಾ?" ಎಂದಾಗ ಹಿಂದೆ ಮ್ವಾಂಸಾ ಕೆಮ್ಮಿದ. ಎಲ್ಲರೂ ತಿರುಗಿದೆವು.
"ಬರೀ ಕೆಮ್ಮು ಕಣ್ರಪ್ಪಾ..."
ಹೆಂಗಸರು ನಾಲಗೆ ಆಡಿಸಿ ಕೇಕೆ ಹಾಕಿದ ಸದ್ದಿಗೆ ಪಕ್ಕದ ತೆರಿಗೆ ಕಚೇರಿಯವರೂ ಬಂದು ಕುಣಿದರು.

ಆಗಸ್ಟ್ 20, ಮಧ್ಯಾಹ್ನ 2, ಲುಸಾಕಾ
ಆಪರೇಷನ್ ನಡುವೆಯೇ ಡಾಕ್ಟರಮ್ಮ ಹೊರಬಂದರು. ಇನ್ನೊಂದು ಕವಾಟವೂ ಕೆಟ್ಟಿದೆ. ಈಗಲೇ ಬದಲಿಸಬಹುದು, ಆದರೆ ಅಪಾಯ.
"ಸಾಕು, ಮುಚ್ಬಿಡಿ," ಮ್ವಾಂಸಾ ಅಂದ.
"ಹೆಂಡತಿ ಯಾರು?"
"ನಾನು. ಮಾಡಿ. ಎರಡೂ ಮಾಡಿ."
ಸಹಿ ಹಾಕಿ ಕೊಟ್ಟೆ. ತಣ್ಣನೆಯ ಬೆಂಚಿನ ಮೇಲೆ ಮುದುಡಿ ಕುಳಿತೆ. ಮ್ವಾಂಸಾ ತನ್ನ ಕೋಟು ತೆಗೆದು ನನಗೆ ಹೊದಿಸಿದ.

ಆಗಸ್ಟ್ 21
ಬದುಕಿದ! ಎರಡೂ ಕವಾಟ ಸರಿಯಾಗಿವೆ. ಕಣ್ಣು ಬಿಟ್ಟವನೇ ನರ್ಸಿಗೆ "ನನ್ನ ಹೆಂಡ್ತೀನ ಕರೀರಿ" ಅಂದನಂತೆ. ಒಮ್ಮೆ ಅಲ್ಲ, ಮತ್ತೆ ಮತ್ತೆ. ಆ ಮಾತಿನ ರುಚಿ ಬಾಯಿಗೆ ಹತ್ತಿರಬೇಕು. ಬಾಗಿಲು ತೆಗೆದರು. ಇಲ್ಲಿಂದಲೇ ಕಾಣುತ್ತಿದ್ದಾನೆ, ಕೈ ಎತ್ತಿ ಕರೆಯುತ್ತಿದ್ದಾನೆ —