ಗಣಿತದ ಹಲಗೆಯ ಕೆಂಪು ವೃತ್ತ

ಗುಡಿಯ ಅರ್ಚಕರಾದ ಮಿಯಾಜಿ ಅವರಿಗೆ ತೋಮೆ ಮಾಡುವ ನಮಸ್ಕಾರಗಳು.

ನನ್ನ ಯಜಮಾನರು ಹರಕೆಯೆಂದು ನಿಮ್ಮ ಗುಡಿಯ ಸೂರಿನಡಿ ತೂಗುಹಾಕಿದ್ದ ಗಣಿತದ ಹಲಗೆಗೆ ಹೊಸ ಬಣ್ಣ ಹೊಡೆಸುತ್ತೀರಂತೆ. "ಫಳಫಳ ಹೊಳೆಯೋ ಹಾಗೆ ಮಾಡ್ತೀನಮ್ಮ" ಎಂದು ಬಣ್ಣದವನು ಬೀಗುತ್ತಿದ್ದ. ಅವರು ತೀರಿಕೊಂಡ ವರುಷವೇ ನೆನಪಿಟ್ಟು ಮಾಡಿಸುತ್ತಿದ್ದೀರಿ, ಸಂತೋಷ. ಆದರೆ ದೊಡ್ಡ ವೃತ್ತಗಳ ನಡುವಿನ ಸಣ್ಣ ಕೆಂಪು ವೃತ್ತವನ್ನು ಮಾತ್ರ ಅವನು ಮುಟ್ಟುವುದು ಬೇಡ. ಅದರ ಅಳತೆ ಎಷ್ಟೆಂಬುದೇ ಅಲ್ಲಿನ ಪ್ರಶ್ನೆ. ಉತ್ತರ ಕೆಳಗೇ ಬರೆದಿದೆ. ಬಿಡಿಸುವ ದಾರಿಯನ್ನು ನೋಡಿದವರೇ ಹುಡುಕಿಕೊಳ್ಳಬೇಕು. ಕುಂಚ ಗೆರೆ ದಾಟಿದರೆ ಲೆಕ್ಕವೇ ಕೆಡುತ್ತದೆ.

ಇದು ನೆಪ. ಗುಡಿಗೆ ಬರೆಯುವಾಗ ನೆಪ ಹೇಳಬಾರದು.

ಹಲಗೆ ಏರಿಸುವ ದಿನ ಬೆಳಿಗ್ಗೆ ಯಜಮಾನರ ಕೆಂಪು ಬಣ್ಣ ಮುಗಿದುಹೋಯಿತು. ನಾನು ತುಟಿಗೆ ಹಚ್ಚುವ ಬಣ್ಣದ ಚಿಪ್ಪನ್ನು ಮುಂದೆ ಹಿಡಿದೆ.

"ದೇವರು ಏನಂತಾನೋ ಏನೋ ಕಣೇ!"

"ದೇವರು ಸುಮ್ನಿರ್ತಾನೆ. ನಿಮ್ಮ ಶಿಷ್ಯರಿಗೆ ಹೇಳ್ಬೇಡಿ, ಅಷ್ಟೇ."

ನಗುನಗುತ್ತಲೇ ವೃತ್ತ ತುಂಬಿದರು.

ಈಗ ಕನಸಿನಲ್ಲಿ ವೃತ್ತಗಳೆಲ್ಲ ಹಲಗೆಯಿಂದಿಳಿದು ಹಿಮದ ಮೇಲೆ ಉರುಳುತ್ತವೆ. ಅವರು ಅಳತೆಯ ನೂಲು ಹಿಡಿದು ದೊಡ್ಡ ವೃತ್ತಗಳ ಹಿಂದೆಯೇ ಹೋಗುತ್ತಾರೆ, ತಿರುಗಿ ನೋಡುವುದಿಲ್ಲ. ಕೆಂಪನೆಯದು ಮಾತ್ರ ಉರುಳುತ್ತ ಬಂದು ನನ್ನ ಪಾದದ ಬಳಿ ನಿಲ್ಲುತ್ತದೆ.

ಹಲಗೆಯ ಆ ಕೆಂಪು ತೀರಾ ಮಾಸಿದ್ದರೆ ಒಂದು ಏಣಿ ಇರಿಸಿ, ಹೇಳಿಕಳಿಸಿ. ನಾನೇ ಬರುತ್ತೇನೆ. ಅವರು ಹೋದಮೇಲೆ ತುಟಿಗೆ ಹಚ್ಚುವುದನ್ನು ಬಿಟ್ಟಿದ್ದೇನೆ. ಚಿಪ್ಪಿನಲ್ಲಿ ಒಂದು ಸಣ್ಣ ವೃತ್ತಕ್ಕಾಗುವಷ್ಟು ಬಣ್ಣ ಉಳಿದಿದೆ.

ಹಾನ್‌ಬೇ ಅವರ ಮನೆಯವಳು,
ತೋಮೆ