ಮೊದಲು ಆ ಬಣ್ಣ ತೆಗೆ

ಕೋತಿ,

ಆಸ್ಪತ್ರೆಗೆ ಹೊರಟೆ. ಈ ಸಲ ಯಾವಾಗ ಮನೆಗೆ ಕಳಿಸುತ್ತಾರೋ ಡಾಕ್ಟರಿಗೇ ಗೊತ್ತಿಲ್ಲ. ಹಾಲು ಕಾಯಿಸಿಟ್ಟಿದ್ದೇನೆ. ಅಮ್ಮನ ಬಿಪಿ ಮಾತ್ರೆಯನ್ನು ಎದುರಿಗೆ ನಿಂತು ನುಂಗಿಸು, ಇಲ್ಲದಿದ್ದರೆ ದಿಂಬಿನ ಕೆಳಗೆ ಸೇರಿಸಿಬಿಡುತ್ತಾಳೆ.

ನನ್ನ ಕೆಂಪು ನೇಲ್ ಪಾಲಿಶ್ ಅರ್ಧ ಖಾಲಿಯಾಗಿದೆ. ತಲೆ ಬಾಚಿಕೊಳ್ಳುವುದಕ್ಕೂ ಸೋಮಾರಿತನ ಮಾಡುವವಳು ಎರಡು ವಾರದಿಂದ ಕಾಲಿನ ಉಗುರಿಗೆಲ್ಲ ಬಣ್ಣ ಹಚ್ಚುತ್ತಿದ್ದೀಯ. ನನ್ನ ಕಣ್ಣಿಗೆ ಮಣ್ಣೆರಚಬೇಡ. ಏಳು ವರ್ಷದ ಹಿಂದೆ ಇದೇ ಬಣ್ಣದಲ್ಲಿ ನಾನೂ ಮುಚ್ಚಿಟ್ಟಿದ್ದೆ. ಉಗುರಿನ ಫಂಗಸ್ಸು ಚರ್ಮದೊಳಗೆ ಇಳಿದು, ಕತ್ತಿನಲ್ಲಿ ಗಂಟು ಕಟ್ಟಿದ ಮೇಲೆ ಬಾಯಿಬಿಟ್ಟೆ. ನೀನು ಅಷ್ಟು ದಿನ ಕಾಯಬೇಡ. ರಿಮೂವರ್ ಬೀರುವಿನ ಮೇಲಿದೆ. ನಾಳೆಯೇ ಹೋಗಿ ತೋರಿಸು.

ವಾಸಿಯಾಗುತ್ತದೆ ಅಂತ ನಿನ್ನ ಹತ್ತಿರ ಸುಳ್ಳು ಹೇಳಲಾರೆ. ಮಾತ್ರೆ ತಿಂದಷ್ಟು ದಿನ ಸುಮ್ಮನಿರುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ನನಗೀಗ ಮಾತ್ರೆಯೂ ನಾಟುತ್ತಿಲ್ಲ.

“ಅವಳ ಟವೆಲಿಂದಾನೇ ಅಂಟಿದ್ದು” ಅಂತ ಅಮ್ಮ ಕೂಗಾಡಿದರೆ ಎದುರಾಡಬೇಡ. ಇದು ಬರೀ ಅಂಟಿದ್ದಲ್ಲ. ಫಂಗಸ್ಸು ಯಾರಿಗೆ ಬೇಕಾದರೂ ತಾಗುತ್ತದೆ; ಅದನ್ನು ತಡೆಯಲಾಗದ ದೋಷ ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ, ಹುಟ್ಟುವಾಗಲೇ ನಮ್ಮ ರಕ್ತದಲ್ಲಿ ಬಂದದ್ದು. “ನಾಲ್ಕು ಮಕ್ಕಳಲ್ಲಿ ಒಬ್ರಿಗೆ ಬರ್ಬೋದು” ಅಂದಿದ್ದರು ಡಾಕ್ಟರು. ನಾವಿರುವುದೇ ಇಬ್ಬರು, ನನಗೆ ಬಂದಾಯಿತು, ಇನ್ನು ನೀನು ಪಾರು ಅಂತ ಇಷ್ಟು ವರ್ಷ ನೆಮ್ಮದಿಯಾಗಿದ್ದೆ. ಎಂಥ ದಡ್ಡಿ ನೋಡು.

ಹಿಂಬಾಗಿಲ ಮೊಳೆಗೆ ಬೇರೆಯಾಗಿ ನೇತುಹಾಕುತ್ತಿದ್ದ ನನ್ನ ಟವೆಲನ್ನು ಒಗೆದು, ನಿನ್ನದರ ಪಕ್ಕದಲ್ಲೇ ಹಾಕಿದ್ದೇನೆ. ಅಲ್ಲೇ ಇರಲಿ. ಇನ್ನು ಬೇರೆ ಇಟ್ಟು ಯಾರನ್ನು ಕಾಪಾಡುವುದಿದೆ.

ಅಕ್ಕ